ಹಸಿರು ಪರದೆಯ ಮುಂದೆ ಗ್ರಹಣದ ಪಾಠ

ಚಂದ್ರಗ್ರಹಣದ ಪಾಠವನ್ನು ವಿಡಿಯೊ ಮಾಡಿ ಸಂಜೆಯೊಳಗೆ ಶಾಲೆಗೆ ಕಳಿಸಬೇಕಿತ್ತು. ನಾನು ಬಮ್ಮಿಗಟ್ಟಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಮುಂದೆ ನನ್ನ ಮಾತಿಗೆ ತಡೆಯಿಲ್ಲ. ಕ್ಯಾಮೆರಾ ಕಂಡರೆ ಮಾತ್ರ ತಡವರಿಸುತ್ತೇನೆ. ಆದರೂ ಸೂರ್ಯ, ಭೂಮಿ, ಚಂದ್ರರ ನಡುವೆ ನಿಂತು ಪಾಠ ಹೇಳುವ ಆಸೆ ನನ್ನದೇ. ಬೆನ್ನ ಹಿಂದೆ ಹಸಿರು ಬಟ್ಟೆ ಕಟ್ಟಿದರೆ, ಆ ಹಸಿರನ್ನು ಅಳಿಸಿ ಅಲ್ಲಿ ಆಕಾಶ ಕೂಡಿಸುವ ಆ್ಯಪ್ ಮೊಬೈಲಿನಲ್ಲಿತ್ತು.

ಕಲಘಟಗಿಯಿಂದ ಬಟ್ಟೆ ತಂದು ಪಡಸಾಲೆಯಲ್ಲಿ ಹಗ್ಗಕ್ಕೆ ಇಳಿಬಿಟ್ಟೆವು. ಸುಕ್ಕಿದ್ದಲ್ಲೆಲ್ಲ ಆಕಾಶ ಹರಿದಂತೆ ಕಾಣುತ್ತಿದ್ದರಿಂದ ಅತ್ತೆ ಅದಕ್ಕೆ ಇಸ್ತ್ರಿ ಮಾಡಿಕೊಟ್ಟರು. ನನ್ನ ಮುಖಕ್ಕೆ ಮನೆಯ ಎಲ್‌ಇಡಿ ಬಲ್ಬುಗಳು, ಬೆಳಕು ಮೆದುವಾಗಲೆಂದು ಅವುಗಳ ಮುಂದೆ ಬೇಕರಿಯ ಎಣ್ಣೆಕಾಗದ. ಆದರೆ ನನ್ನ ನೆರಳು ಬಟ್ಟೆಯ ಮೇಲೆ ಬಿದ್ದು ಅಷ್ಟು ಭಾಗ ಅಳಿಯದೇ ಉಳಿಯಿತು. ಬಟ್ಟೆಗೆ ಬೇರೆ ಬೆಳಕು ಬೇಕೆಂದು ನನ್ನ ಗಂಡ ಪೆಂಡಾಲಿನವರ ಹಳೆಯ ಹ್ಯಾಲೊಜನ್ ದೀಪ ಕೇಳಿ ತಂದು, ನನ್ನ ಹಿಂದೆ ಒಂದು ಬದಿಗೆ ಇಟ್ಟರು.

ಸದ್ದು ಬರಬಾರದೆಂದು ಫ್ಯಾನ್ ಆರಿಸಿದ್ದೆವು. ಬೆವರು ಇಳಿಯುತ್ತಿತ್ತು, ಮಾತು ಮತ್ತೆ ಮತ್ತೆ ತಪ್ಪುತ್ತಿತ್ತು. ಗಂಡ ಮೊಬೈಲ್ ಹಿಡಿದು ಪ್ರತಿ ಸಲ ಮೊದಲಿನಿಂದ ರೆಕಾರ್ಡ್ ಮಾಡುತ್ತಿದ್ದರು. ಅತ್ತೆ ನನ್ನ ಪಾಡು ನೋಡಲಾರದೆ ಕಿಟಕಿ ತೆರೆದರು. ಆ ಸಲ ಏನಾಯಿತೋ, ಮಾತು ಸರಾಗವಾಗಿ ಬಂತು. ಭೂಮಿಯ ನೆರಳು ಚಂದ್ರನ ಮೇಲೆ ಸರಿಯುವುದನ್ನು ಕೈಯಾಡಿಸಿ ತೋರಿಸುತ್ತಿದ್ದೆ. ಗಂಡನ ಮುಖ ಬಿಳಿಚಿಕೊಂಡಿತು.

"ಮುಂದ ಬಾ," ಎಂದರು ಮೆಲ್ಲಗೆ. "ಹಿಂದ ಹೊಳ್ಳಿ ನೋಡಬ್ಯಾಡ. ಸೀದಾ ನನ್ನ ಕಡೆ ಬಾ."

ಪಾಠ ಕೆಡಿಸಿದರಲ್ಲ ಎಂದುಕೊಳ್ಳುವಷ್ಟರಲ್ಲಿ ಸುಟ್ಟ ವಾಸನೆ ಬಡಿಯಿತು. ನೋಡಬಾರದೆಂದರೂ ನೋಡಿದೆ. ಕಿಟಕಿಯ ಗಾಳಿಗೆ ಎದ್ದ ಬಟ್ಟೆ ಕಾದ ದೀಪಕ್ಕೆ ಅಂಟಿಕೊಂಡು ಹೊಗೆಯಾಡುತ್ತಿತ್ತು. ಅಂಚಿನಲ್ಲಿ ಸಣ್ಣ ಉರಿ. ನನ್ನ ಸೆರಗಿಗೂ ಅದಕ್ಕೂ ಗೇಣು ಅಂತರ. ಸೆರಗನ್ನು ಮುಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ನೀರಿನ ಕೊಡ ಎತ್ತಿಕೊಂಡು ಓಡಿಬಂದರು.

"ಅತ್ತಿ, ನೀರ ಹಾಕಬ್ಯಾಡ್ರಿ. ಕರೆಂಟ್ ಐತಿ."

ಅಷ್ಟು ಗಟ್ಟಿ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅತ್ತೆ ಕೊಡ ಹಿಡಿದೇ ನಿಂತುಬಿಟ್ಟರು. ಗಂಡ ನನ್ನ ರಟ್ಟೆ ಹಿಡಿದು ಎಳೆದು, ಓಡಿ ಮೇನ್ ಸ್ವಿಚ್ ಇಳಿಸಿದರು. ಆಮೇಲೆ ಗೋಣಿಚೀಲ ತೋಯಿಸಿ ಉರಿಯ ಮೇಲೆ ಒತ್ತಿದರು. ಅದು ಆರಿತೆಂದು ಖಾತ್ರಿಯಾಗುವವರೆಗೂ ಕೈ ತೆಗೆಯಲಿಲ್ಲ.

ಇವತ್ತಿಗೆ ಸಾಕು, ಪಾಠವೂ ಬೇಡ ಏನೂ ಬೇಡ ಎಂದರು ಗಂಡ. ನನಗೆ ಅಳು ಬರುವಂತಿತ್ತು, ಆದರೆ ಬಿಡಲು ಮನಸ್ಸಾಗಲಿಲ್ಲ.

"ಹಿತ್ತಲದಾಗ ಮಾಡೂಣು," ಎಂದೆ.

ಗೋಡೆಯ ನೆರಳಿನಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಇತ್ತು. ಸುಟ್ಟ ಅಂಚು ಮಡಚಿ, ಬಟ್ಟೆಯ ಬುಡಕ್ಕೆ ಕಲ್ಲು ಹೇರಿದೆವು. ಅತ್ತೆ ಒಂದು ತುದಿ ಹಿಡಿದು ಕುಳಿತರು, ಕಣ್ಣು ಬಟ್ಟೆಯಿಂದ ತೆಗೆಯಲೇ ಇಲ್ಲ. ಒಂದೇ ಉಸಿರಿಗೆ ಪಾಠ ಮುಗಿಸಿದೆ. ಕತ್ತಲಾಗುವ ಮುಂಚೆ ಕಳಿಸಿಯೂ ಆಯಿತು. ಮುಂದಿನ ವಾರ ಶಾಲೆಯ ಟಿವಿಯಲ್ಲಿ ಅದನ್ನು ನೋಡಿದ ಹುಡುಗಿಯೊಬ್ಬಳು, ಟೀಚರ್ ನೀವ್ಯಾಕ ಅಷ್ಟು ಅವಸರ ಮಾಡಿ ಮಾತಾಡೀರಿ ಎಂದು ಕೇಳಿದಳು.