ಮೂವತ್ತೇಳು ಮನೆಗಳ ಕಣ್ಣು

ನಮ್ಮನೆಯವರದು ರಾಮದುರ್ಗದಲ್ಲಿ ಫೋಟೋ ಸ್ಟುಡಿಯೋ. ಹೆಸರು ಕಾಡಪ್ಪ. ಕಾಗದದ ಮೇಲೆ ಬರೆಯುತ್ತೇನೆ, ಬಾಯಿಂದ ಮಾತ್ರ ಗಂಡನ ಹೆಸರು ಇವತ್ತಿಗೂ ಹೇಳಿದವಳಲ್ಲ. ನಲವತ್ತೆರಡು ವರ್ಷ ಕ್ಯಾಮೆರಾದೊಳಗೆ ಇಣುಕಿ ಇಣುಕಿ ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿಬಿಟ್ಟಿತ್ತು. ನಕ್ಕರಂತೂ ಪೂರ್ತಿ ಮುಚ್ಚಿ ಹೋಗುತ್ತಿತ್ತು.

ಮದುವೆ, ಜವಳ, ಸಾಲೆಯ ಗ್ರೂಪ್ ಫೋಟೋ ಎಲ್ಲರೂ ತೆಗೆಯುತ್ತಾರೆ. ಸುತ್ತಿನ ಹಳ್ಳಿಗಳಲ್ಲಿ ಇವರ ಹೆಸರು ನಡೆದದ್ದು ಸತ್ತವರ ಫೋಟೋದಿಂದ. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂವು ಏರಿಸಿ, ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ. ಬದುಕಿದ್ದಾಗ ಒಂದೂ ಫೋಟೋ ತೆಗೆಸದ ಹೆಂಗಸರು ಆಗ ಎಷ್ಟು ಜನ. ಇವರು ಆ ಫೋಟೋವನ್ನು ಸ್ಟುಡಿಯೋಕ್ಕೆ ತಂದು, ಮುಚ್ಚಿದ ಕಣ್ಣು ತೆರೆಸಿ, ಚೌಕಟ್ಟು ಹಾಕಿ ಕೊಡುತ್ತಿದ್ದರು. ಮನೆಯವರು ನೋಡಿ ಅತ್ತುಬಿಡುತ್ತಿದ್ದರು, ನಮ್ಮವ್ವ ಎದ್ದು ಕುಂತಾಳಲ್ಲ ಎಂದು.

ಆ ಕಣ್ಣು ಎಲ್ಲಿಂದ ತರುತ್ತೀರಿ ಎಂದು ನಾನು ಕೇಳಿರಲಿಲ್ಲ. ಕನ್ನಡ ಸಾಲೆಯ ಅಕ್ಕೋರು ನಾನು, ಊರ ಹುಡುಗರಿಗೆಲ್ಲ ದಿನಕ್ಕೆ ನೂರು ಪ್ರಶ್ನೆ ಕೇಳಿದವಳು. ಇದೊಂದು ಕೇಳಲಿಲ್ಲ.

ಹೋದ ವರ್ಷ ಸುರೇಬಾನದಲ್ಲಿ ನನ್ನ ಅಕ್ಕ ನೀಲಾ ತೀರಿಕೊಂಡಳು. ಹನ್ನೊಂದನೆಯ ದಿನ ಅವಳ ಫೋಟೋಕ್ಕೆ ಮಾಲೆ ಹಾಕಲು ಸ್ಟೂಲು ಹತ್ತಿದೆ. ಅಕ್ಕನ ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕರಿ ಚುಕ್ಕೆ. ಅಕ್ಕನಿಗೆ ಅಂಥ ಚುಕ್ಕೆ ಇರಲಿಲ್ಲ. ಹುಟ್ಟಿದಾಗಿನಿಂದ ಅದು ಇರುವುದು ನನಗೆ.

ಮನೆಗೆ ಬಂದು ಚೀಲ ಕೂಡ ಇಳಿಸದೆ ಕೇಳಿದೆ. “ಅಕ್ಕಗ ಹಚ್ಚಿದ್ದು ನನ್ನ ಕಣ್ಣಲ್ಲೇನ್ರಿ?”

ಅವರು ತಲೆ ತಗ್ಗಿಸಿದರು. “ಹೂಂ. ನಮ್ಮ ಲಗ್ನ ಆಗಿ ಎಂಟ ದಿನಕ್ಕ ನಿಂದೊಂದು ಫೋಟೋ ತಗದಿದ್ದೆ ನೋಡು, ಅದರೊಳಗಿನವು. ಅಷ್ಟು ಚೊಲೊ ಕಣ್ಣ ನನಗ ಮತ್ತ ಸಿಗಲಿಲ್ಲ ರತ್ನಾ.”

“ಎಷ್ಟ ಮಂದಿಗೆ ಹಚ್ಚೀರಿ?”

“ನೀಲಕ್ಕ ಹಿಡದು ಮೂವತ್ತೇಳು. ಹೆಣ್ಣಮಕ್ಕಳಿಗೆ ಅಷ್ಟ.”

ಮೂವತ್ತೇಳು ಮನೆಗಳ ಗೋಡೆಯ ಮೇಲೆ, ಊದುಬತ್ತಿಯ ಹೊಗೆಯಲ್ಲಿ, ನಾನು ಕಣ್ಣು ಬಿಟ್ಟು ಕೂತಿದ್ದೇನೆ. ಆಗ ಇನ್ನೊಂದು ಹೊಳೆಯಿತು. ಆ ಒಂದು ಫೋಟೋ ಬಿಟ್ಟರೆ ನನ್ನ ಕಣ್ಣು ತೆರೆದ ಫೋಟೋ ಜಗತ್ತಿನಲ್ಲೇ ಇಲ್ಲ. ಸಾಲೆಯ ಗ್ರೂಪ್ ಫೋಟೋಗಳಲ್ಲಿ ಪ್ರತಿ ವರ್ಷ ಮುಚ್ಚಿವೆ. ಆಧಾರ್ ಕಾರ್ಡಿನಲ್ಲಿ ಅರೆಗಣ್ಣು, ಅದೂ ಏಳನೆಯ ಸಲಕ್ಕೆ. ಕಣ್ಣು ಪಿಳುಕಿಸುವ ಚಟ ಎಂದು ನಾನೇ ನಗುತ್ತಿದ್ದೆ. ಆ ಹಳೆಯ ಫೋಟೋವನ್ನು ಅವರು ಎಂದೋ ಬ್ಲೇಡಿನಿಂದ ಕೊಯ್ದಿದ್ದರು. ಉಳಿದದ್ದು ಕಂಪ್ಯೂಟರಿನಲ್ಲಿ ‘ರತ್ನಾ’ ಎಂಬ ಫೈಲು, ಬರೀ ಎರಡು ಕಣ್ಣು.

“ನನ್ನ ಕಣ್ಣ ಊರ ಮಂದಿಗೆ ಹಂಚೀರಿ. ನಾಳೆ ನಾ ಸತ್ತರ ಅವರ ಎಂಜಲ ಉಣಿಸಿದಂಗ ಅದನ್ನ ನನಗ ಹಚ್ಚತೀರೇನು? ಕಣ್ಣ ತೆರದದ್ದು ನಂದ ಅಂತ ಒಂದ ಫೋಟೋ ತಗದು ಕೊಡ್ರಿ. ಬ್ಯಾರೆ ಏನೂ ಬ್ಯಾಡ ನನಗ.”

ಅವರು ಅದನ್ನು ಕಸುಬಿನ ಮಾತಾಗಿ ತೆಗೆದುಕೊಂಡರು. ತಪ್ಪು ಸ್ಟುಡಿಯೋದ ಲೈಟಿನದು, ಬಯಲಲ್ಲಿ, ಎತ್ತರದಲ್ಲಿ ಬೆಳಕೇ ಬೇರೆ ಎಂದರು. ನಾನು ರಿಟೈರ್ ಆಗಿದ್ದೆ, ಎಲ್ಲಿಗಾದರೂ ಹೋಗಬೇಕೆಂದು ಮಾತಿತ್ತು. ಹಾಗೆ ನಾವು ಗ್ಯಾಂಗ್ಟಾಕಿಗೆ ಹೋದೆವು. ಸಿಕ್ಕಿಮ್ಮಿನ ರಾಜಧಾನಿ, ಊರಿಗೆ ಊರೇ ಗುಡ್ಡದ ಇಳಿಜಾರಿನ ಮೇಲೆ ನಿಂತಿದೆ. ಬಯಲುಸೀಮೆಯ ನಮ್ಮ ಮೊಣಕಾಲಿಗೆ ಅದು ಊರೇ ಅಲ್ಲ, ಬರೀ ಮೆಟ್ಟಿಲು.

ಟ್ಯಾಕ್ಸಿಯವನು ಒಂದೇ ದಿನದಲ್ಲಿ ಹತ್ತು ಪಾಯಿಂಟ್ ತೋರಿಸುತ್ತೇನೆಂದ. “ಹತ್ತರಾಗ ಒಂದರ ಬಂದ ಬರತೈತಿ ತಗೋ,” ಎಂದು ಇವರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡರು.

ಮೊದಲು ತಾಶಿ ವ್ಯೂ ಪಾಯಿಂಟ್. ಕಾಂಚನಗಂಗಾ ಬೆಳಗಿನ ಬಿಸಿಲಿಗೆ ಕೆಂಪಾಗಿತ್ತು. ನಾನು ಕಣ್ಣು ಅಗಲಿಸಿ ನಿಂತೆ. ಅವರ ಬೆರಳು ಒತ್ತಿದ್ದು, ಹಿಂದೆ ಒಂದು ಕಾಗೆ ಹಾರಿದ್ದು ಎಲ್ಲ ಕಂಡಿತು. ಫೋಟೋದಲ್ಲಿ ಕಾಗೆಯೂ ಇತ್ತು. ನನ್ನ ಕಣ್ಣು ಮುಚ್ಚಿದ್ದವು.

“ಪಿಳುಕಿಸಿದಿ ನೋಡು,” ಎಂದರು.

“ಇಲ್ರಿ. ಕಾಗಿ ಕಂಡೆನಲ್ಲ.”

ಗುಡ್ಡದ ಮೇಲಿನ ಗುಡಿ ಗಣೇಶ ಟೋಕ್‌ನಲ್ಲಿ ಮುಚ್ಚಿದ್ದವು. ಹೂವಿನ ಪ್ರದರ್ಶನದಲ್ಲಿ ಮುಚ್ಚಿದ್ದವು. ಎಂಚೆ ಎಂಬ ಬೌದ್ಧ ಮಠದಲ್ಲಿ ಪ್ರಾರ್ಥನೆಯ ಚಕ್ರ ತಿರುಗಿಸುತ್ತ ನಿಂತದ್ದರಲ್ಲೂ ಮುಚ್ಚಿದ್ದವು. ಜಲಪಾತದ ಹತ್ತಿರ ಬಾಡಿಗೆಗೆ ಅಲ್ಲಿಯವರ ಉದ್ದ ಅಂಗಿ, ಟೊಪ್ಪಿಗೆ ತೊಡಿಸಿದರು. “ನೇಪಾಳಿ ಗೌಡತಿ ಆದಿ,” ಎಂದು ಇವರು ನಗಿಸಿದರು, ನಾನು ಬೈದೆ, ಬೈಯುತ್ತಿರುವಾಗಲೇ ತೆಗೆದರು. ಬಾಯಿ ತೆರೆದಿತ್ತು, ಕಣ್ಣು ಇಲ್ಲ. ರೋಪ್‌ವೇ ಡಬ್ಬಿಯಲ್ಲಿ ಒತ್ತಿದ ಗುಂಡಿ ಬಿಡದೆ ಸಾಲಾಗಿ ಇಪ್ಪತ್ತು ತೆಗೆದರು. ಇಪ್ಪತ್ತನ್ನೂ ಒಂದೊಂದಾಗಿ ನೋಡಿದರು. ಕೂಡಿಸಿದ ಹೆಣಗಳ ಫೋಟೋವನ್ನು ಸ್ಟುಡಿಯೋದಲ್ಲಿ ನೋಡುವಾಗಿನ ಮುಖವೇ ಆಗ ಅವರಿಗಿತ್ತು. ನೋಡಿ ನನಗೆ ಹೆದರಿಕೆಯಾಯಿತು.

ಹತ್ತನೆಯದು ಹನುಮಾನ್ ಟೋಕ್. ಬಿಸಿಲು ಇಳಿದಿತ್ತು, ಮಂಜು ಮೇಲೇರುತ್ತಿತ್ತು. ಅಲ್ಲೂ ಮುಚ್ಚಿದ್ದವು. ನಾನು ಕಟ್ಟೆಯ ಮೇಲೆ ಕೂತು ಅತ್ತೆ, ಮಂದಿ ನೋಡುತ್ತಿದ್ದರೂ ಅತ್ತೆ.

ಅವರು ಬಗಲಿಗೆ ಕೂತರು. “ತಪ್ಪಾತು ರತ್ನಾ. ನಾ ಹಂಗ ಹಂಚಬಾರದಿತ್ತು.” ತಮ್ಮ ಮೊಬೈಲು ನನ್ನ ಕೈಗಿತ್ತರು. “ನಂದೊಂದು ತಗಿ. ಕಣ್ಣ ಅಗಲ ಮಾಡಿ ನಿಂದರತೇನಿ. ನನ್ನವು ನಿನಗ. ಸಂಜುಗ ಹೇಳಿಡತೇನಿ.”

ಸಂಜು ಎಂದರೆ ನೀಲಾಳ ಮಗ, ಈಗ ಸ್ಟುಡಿಯೋ ನೋಡಿಕೊಳ್ಳುವವನು. ಆಧಾರ್ ಕಾರ್ಡಿನದೊಂದು ಬಿಟ್ಟರೆ ಇವರ ಫೋಟೋ ತೆಗೆದವರೇ ಇರಲಿಲ್ಲ, ಯಾವಾಗಲೂ ಕ್ಯಾಮೆರಾದ ಹಿಂದಿನ ಮನುಷ್ಯ. ಮಂಜಿಗೆ ಬೆನ್ನು ಕೊಟ್ಟು, ಸಾಲೆಯ ಹುಡುಗನಂತೆ ಕೈ ಕಟ್ಟಿ ನಿಂತರು. ಪರದೆಯ ಮೇಲೆ ಎರಡೂ ಕಣ್ಣು ಸ್ಪಷ್ಟ ಕಂಡವು, ಎಡದ್ದು ಸಣ್ಣದು. ಒತ್ತಿದೆ.

ಫೋಟೋದಲ್ಲಿ ಅವರ ಕಣ್ಣು ಮುಚ್ಚಿದ್ದವು.

“ಹೆಂಗ ಬಂದೈತಿ?” ಎಂದು ಚಾಳೀಸು ಹುಡುಕುತ್ತ ಬಂದರು.

“ಚೊಲೊ ಬಂದೈತ್ರಿ,” ಎಂದು ಮೊಬೈಲು ನನ್ನ ಚೀಲದಲ್ಲಿ ಹಾಕಿಬಿಟ್ಟೆ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ಅವರಿಗೆ ಅದೊಂದು ಸುಳ್ಳು ಹೇಳಿದೆ. ಅವರು ಸಮಾಧಾನದಿಂದ ನಕ್ಕರು.

ಊರಿಗೆ ಬಂದ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ, ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಕೂಡಿಸುವ ಕುರ್ಚಿಯ ಮೇಲೆ ಕೂತಲ್ಲೇ ಅವರು ಹೋದರು. ಬೆನ್ನು ನೆಟ್ಟಗಿತ್ತು. ಮನೆಗೆ ತಂದ ಮೇಲೂ ಬೇರೆ ಕೂಡಿಸುವ ಕೆಲಸ ಬೀಳಲಿಲ್ಲ.

ಚೌಕಟ್ಟಿಗೆ ಹನುಮಾನ್ ಟೋಕಿನ ಫೋಟೋವನ್ನೇ ಕೊಟ್ಟೆ. ಸಂಜು ನೋಡಿ ತಡವರಿಸಿದ. “ಚಿಗವ್ವ, ಕಾಕಾ ಕಣ್ಣ ಮುಚ್ಯಾನಲ್ಲ. ಆಧಾರದ್ದು ದೊಡ್ಡದ ಮಾಡಿದರ ಒಡದ ಹೋಗತೈತಿ.”

“ರತ್ನಾ ಅಂತ ಫೈಲ್ ಐತಲ್ಲ, ಅದನ್ನ ಹಚ್ಚು.”

“ಅದು ಹೆಣ್ಣಮಕ್ಕಳದ್ದು ಚಿಗವ್ವ.”

“ಹಚ್ಚು ಅಂದೆ.”

ಹಚ್ಚಿದ. ಈಗ ಪಡಸಾಲೆಯ ಗೋಡೆಯ ಮೇಲೆ ಅವರಿದ್ದಾರೆ, ಎಡಗಣ್ಣಿನಲ್ಲಿ ಚುಕ್ಕೆ. ಲಗ್ನವಾದ ಎಂಟು ದಿನಕ್ಕೆ, ಕ್ಯಾಮೆರಾದ ಹಿಂದೆ ನಿಂತ ಅವರನ್ನು ಇಪ್ಪತ್ತೊಂದು ವರ್ಷದ ನಾನು ನೋಡಿದ್ದು ಆ ಕಣ್ಣಿನಿಂದಲೇ. ಅಡಿಗೆಮನೆಯಿಂದ ಹೊರಗೆ ಬಂದಾಗೆಲ್ಲ ಅವು ನನ್ನನ್ನು ನೋಡುತ್ತವೆ. ದಿನಾ ಗಾಜು ಒರೆಸುತ್ತೇನೆ, ಬಹಳ ಹೊತ್ತು ಮೇಲೆ ನೋಡುವುದಿಲ್ಲ.

ಹೋದ ವಾರ ಪಿಂಚಣಿಯ ಕೆಲಸಕ್ಕೆ ನನ್ನ ಫೋಟೋ ಬೇಕಾಯಿತು. ಸಂಜು ಅದೇ ಕುರ್ಚಿಯ ಮೇಲೆ ಕೂಡಿಸಿ ಒಂದೇ ಸಲ ಒತ್ತಿದ.

“ಚಿಗವ್ವ, ಕಣ್ಣ ತೆರದಾವು,” ಎಂದ.

ಓಡಿ ಹೋಗಿ ನೋಡಿದೆ. ತೆರೆದಿದ್ದವು, ಎರಡೂ. ಎಡಗಣ್ಣಿನ ಬಿಳಿಯಲ್ಲಿ ಚುಕ್ಕೆ ಇರಲಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿದೆ, ಎಲ್ಲೂ ಇರಲಿಲ್ಲ. ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿತ್ತು.