ಕೀಲಿ ಹಾಕಲಾಗದ ಮೈದಾನ

ಬಸ್ಸಮ್ಮ ತನ್ನ ಜೀವಮಾನದಲ್ಲಿ ಒಮ್ಮೆಯೂ ಫುಟ್‌ಬಾಲ್ ಆಡಿದವಳಲ್ಲ. ಆದರೆ ಶಹಾಬಾದದ ಕಾಗಿಣಾ ಸ್ಪೋರ್ಟಿಂಗ್ ತಂಡ ಎಲ್ಲಿ ಆಡಿದರೂ ಗೆರೆಯ ಆಚೆ ಅವಳು ಇರಲೇಬೇಕು. ವಾಡಿ, ಚಿತ್ತಾಪುರ, ಸೇಡಂ ಎಂದರೆ ಪ್ಯಾಸೆಂಜರ್ ರೈಲು. ಚಿಂಚೋಳಿ ಎಂದರೆ ಹುಡುಗರ ಟೆಂಪೊದಲ್ಲಿ ಹಿಂದಿನ ಸೀಟು, ತೊಡೆಯ ಮೇಲೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಬುತ್ತಿ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ, ಮಷೀನಿನ ಗದ್ದಲದ ನಡುವೆ ವರ್ಷಾನುಗಟ್ಟಲೆ ಮಾತಾಡಿ ರೂಢಿಯಾದ ದನಿ ಅವಳದು. ಅದು ಮೈದಾನದ ಈ ತುದಿಯಿಂದ ಆ ತುದಿಯ ಗೋಲ್‌ಕೀಪರನಿಗೂ ಕೇಳುತ್ತಿತ್ತು. ಒಮ್ಮೆ ಚಿಂಚೋಳಿಯಲ್ಲಿ ರೆಫ್ರಿ ಆಟ ನಿಲ್ಲಿಸಿ, ಆ ಅವ್ವನಿಗೆ ಸ್ವಲ್ಪ ಸುಮ್ಮನಿರಲು ಹೇಳು ಎಂದು ಕ್ಯಾಪ್ಟನ್‌ಗೆ ಹೇಳಿದ. ಬಸ್ಸಮ್ಮ ಕುಳಿತಲ್ಲಿಂದಲೇ ಅಂದಳು, "ನೀವು ಸೀಟಿ ಊದ್ರಿ, ನಾ ಏನರ ಬ್ಯಾಡ ಅಂದೀನೇನು?" ಚಿಂಚೋಳಿಯ ಮಂದಿಯೇ ನಕ್ಕರು, ಕಡೆಗೆ ರೆಫ್ರಿಯೂ ನಕ್ಕ.

ಹೊಳೆ ದಂಡೆಯ ಮನೆತನ ಅವಳದು. ಅಜ್ಜ ಕಾಗಿಣಾ ಹೊಳೆಯಲ್ಲಿ ಮಂದಿಯನ್ನು ದೋಣಿಯಲ್ಲಿ ದಾಟಿಸುತ್ತಿದ್ದ. ಅಪ್ಪ ಜಟ್ಟೆಪ್ಪ ಹೊಳೆ ಬಿಟ್ಟು ಊರಿನ ಒಂದು ದೊಡ್ಡ ಕಾರ್ಖಾನೆ ಸೇರಿದ. ಅಲ್ಲಿಯ ತಂಡದಲ್ಲಿ ಫುಟ್‌ಬಾಲ್ ಆಡಿದ. ಆ ತಂಡಕ್ಕೆ ಕಾರ್ಖಾನೆಯದೇ ಹೆಸರು, ಮೈದಾನವೂ ಕಾರ್ಖಾನೆಯದೇ. ಬಸ್ಸಮ್ಮ ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಮುಚ್ಚಿದ ಮರುದಿನ ಸಂಜೆ ಅಪ್ಪ ಎಂದಿನಂತೆ ಬೂಟುಗಳ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ಮೈದಾನಕ್ಕೆ ಹೋದ. ಗೇಟಿಗೆ ಕೀಲಿ ಬಿದ್ದಿತ್ತು. ಕಾವಲುಗಾರ ಪರಿಚಯದವನೇ. "ಜಟ್ಟೆಪ್ಪಣ್ಣಾ, ಒಳಗ ಬಿಡಬ್ಯಾಡ ಅಂತ ಆರ್ಡರ್ ಅದ. ಟೀಮಿನ ಅಂಗಿನೂ ವಾಪಸ್ ಕೊಡಬೇಕಂತ," ಎಂದ. ಅಪ್ಪ ಗೇಟಿನ ಸರಳು ಹಿಡಿದು ನಿಂತೇ ಇದ್ದ. ಮಗಳು ಅಪ್ಪನ ಮುಖ ನೋಡಲಿಲ್ಲ. ಸರಳಿನ ಮೇಲೆ ಬಿಗಿದು ಬೆಳ್ಳಗಾದ ಅವನ ಬೆರಳುಗಳನ್ನಷ್ಟೇ ನೋಡಿದಳು.

ಅದೇ ವರ್ಷ ಜಟ್ಟೆಪ್ಪ ಮತ್ತು ಗೆಳೆಯರು ಊರ ಹೊರಗೆ, ಕಲ್ಲಿನ ಚೂರು ಬಿದ್ದ ಬಯಲು ಜಾಗವೊಂದನ್ನು ಹಸನು ಮಾಡಿ ಆಡತೊಡಗಿದರು. ಹೊಸ ತಂಡಕ್ಕೆ ಹೆಸರು ಬೇಕಲ್ಲ. ಒಬ್ಬ ಯಾವುದೋ ಪುಢಾರಿಯ ಹೆಸರು ಹೇಳಿದ, ಇನ್ನೊಬ್ಬ ಕಿರಾಣಿ ಅಂಗಡಿಯವನದು. ಜಟ್ಟೆಪ್ಪ, "ಹೊಳಿ ಹೆಸರಿಡ್ರಿ. ಹೊಳಿಗಿ ಮಾಲಕ ಇಲ್ಲ," ಎಂದ. ಹಾಗೆ ಹುಟ್ಟಿದ್ದು ಕಾಗಿಣಾ ಸ್ಪೋರ್ಟಿಂಗ್. ಜಟ್ಟೆಪ್ಪ ತೀರಿ ಹೋದ ಮೇಲೂ ತಂಡ ಉಳಿಯಿತು. ಸುತ್ತಲಿನ ಐದಾರು ಊರುಗಳ ಹುಡುಗರು ಅದರಲ್ಲಿ ಆಡಿದರು, ಅವರ ಹಿಂದೆ ಆ ಊರುಗಳ ಅಭಿಮಾನಿಗಳೂ ಬಂದು ಸೇರಿದರು.

ಮೈದಾನ ಮಾತ್ರ ಕಲ್ಲಿನ ಮೈದಾನವಾಗಿಯೇ ಉಳಿಯಿತು. ಎಷ್ಟು ಆರಿಸಿ ತೆಗೆದರೂ ಪ್ರತಿ ಮಳೆಗಾಲ ಹೊಸ ಚೂರು ಮೇಲೆ ಬರುತ್ತಿದ್ದವು. ಬಸ್ಸಮ್ಮನ ತಮ್ಮ ಅಶೋಕಕುಮಾರ ಅದೇ ನೆಲದ ಮೇಲೆ ಬಿದ್ದು ಮೊಣಕಾಲು ಮುರಿದುಕೊಂಡ. ಆಡುವುದು ನಿಂತಿತು, ಈಗ ಅವನೇ ತಂಡದ ಕೋಚ್.

ಇಂಥ ಹೊತ್ತಿನಲ್ಲಿ ಹಣಮಂತರಾಯ ಸಾವಕಾರರು ಒಂದು ಮಾತು ಮುಂದಿಟ್ಟರು. ಬಸ್ಸಮ್ಮ ಕೆಲಸ ಮಾಡುತ್ತಿದ್ದ ಪಾಲಿಶ್ ಕಾರ್ಖಾನೆ ಅವರದೇ. ಊರಿನ ಅಂಚಿಗೆ ಅವರ ಜಮೀನಿತ್ತು. ಅಲ್ಲಿ ಹುಲ್ಲಿನ ಮೈದಾನ, ಲೈಟು, ಬೋರ್‌ವೆಲ್, ಬಟ್ಟೆ ಬದಲಿಸುವ ಕೋಣೆ, ಎಲ್ಲವನ್ನೂ ತಮ್ಮ ಖರ್ಚಿನಲ್ಲಿ ಮಾಡಿಕೊಡುತ್ತೇನೆ ಎಂದರು. ಮೂರು ಷರತ್ತು ಹಾಕಿದರು. ತಂಡಕ್ಕೆ ಅವರ ತೀರಿಹೋದ ತಂದೆಯ ಹೆಸರಿಡಬೇಕು. ಮೈದಾನದ ಕೀಲಿ ಅವರ ಹತ್ತಿರವೇ ಇರಬೇಕು. ಪ್ರಾಕ್ಟೀಸ್ ನೋಡಲು ಹೊರಗಿನವರು ಬರಕೂಡದು.

ಅಭಿಮಾನಿಗಳ ಸಂಘದ ಕಾರ್ಯದರ್ಶಿ ಮತೀನ, ಮೊಬೈಲ್ ರಿಪೇರಿ ಅಂಗಡಿಯವ, ಒಂದು ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಸಭೆ ಕರೆದ. ವಾಡಿ, ಸೇಡಂಗಳಿಂದಲೂ ಮಂದಿ ಬಂದರು. ಸಾವಕಾರರಿಗೆ ಎದುರಿಗೇ ಕುರ್ಚಿ ಹಾಕಿದ್ದರು. ಗಾಂಭೀರ್ಯದ ಮನುಷ್ಯ, ಬಂದವರಿಗೆಲ್ಲ ತಾವೇ ಮೊದಲು ಕೈ ಮುಗಿದರು.

ಮೊದಲು ಎದ್ದವನು ವಾಡಿಯ ನಾಮದೇವ, ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡವ. "ಹುಲ್ಲು ಬರ್ತದ, ಲೈಟ್ ಬರ್ತಾವ. ಇದಕ್ಕೂ ಬ್ಯಾಡ ಅನ್ನೋರು ಯಾರರ ಇದ್ರ ಅವರಿಗಿ ತಲಿ ಕೆಟ್ಟದ ಅಂತ ತಿಳೀರಿ," ಎಂದು ಕುಳಿತ.

ಆಮೇಲೆ ಅಶೋಕಕುಮಾರ ಎದ್ದ. ಮಾತಾಡುವ ಮೊದಲು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎಳೆದು, ಉದ್ದನೆಯ ಹೊಲಿಗೆಯ ಗುರುತು ತೋರಿಸಿದ. "ಇದು ಹ್ಯಾಂಗಾಯ್ತು ಎಲ್ಲರಿಗೂ ಗೊತ್ತದ. ಈ ವರ್ಷ ಮತ್ತ ಇಬ್ಬರು ಹುಡುಗರು ಕಾಲಿಗಿ ಪಟ್ಟಿ ಕಟಗೊಂಡು ಮನ್ಯಾಗ ಕುಂತಾರ. ಹೆಸರು ಯಾರದರ ಇರಲಿ. ಹುಡುಗರ ಕಾಲು ಉಳೀಲಿ."

ಬಸ್ಸಮ್ಮನಿಗೂ ಅದು ಗೊತ್ತಿತ್ತು. ತಮ್ಮ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಎದುರಿಗೆ ಕುಳಿತವರು ಅವಳ ಸಂಬಳ ಕೊಡುವವರು. ಸುಮ್ಮನಿದ್ದುಬಿಟ್ಟರೆ ಎಲ್ಲರಿಗೂ ಸುಖ. ಆದರೂ ಎದ್ದು ನಿಂತಳು.

"ಸಾವಕಾರ್ರೇ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವಾ."

"ನಾಳಿ ನಿಮ್ಮ ಧಂದೆ ನಿಂತ್ರ ಆ ಗೇಟಿನ ಕೀಲಿ ಯಾರ ಕೈಯಾಗ ಹೋಗ್ತದ?"

ಸಾವಕಾರರು ನಕ್ಕರು. "ನನ್ನ ಧಂದೆ ಯಾಕ ನಿಂದರ್ತದ?"

"ನಮ್ಮಪ್ಪನ ಕಾರ್ಖಾನಿಯವರೂ ಹಂಗೇ ಅಂತಿದ್ರು. ಕಾರ್ಖಾನಿ ಹೋಯ್ತು, ಅದರ ಬೆನ್ನಿಗಿ ತಂಡನೂ ಹೋಯ್ತು. ಅಂಗಿ ಸೈತ ಬಿಚ್ಚಿಸಿಕೊಂಡ್ರು. ನೀವು ಮೈದಾನ ಕೊಡ್ರಿ, ನಿಮಗ ಕೈ ಮುಗಿತೀವಿ. ಗೇಟಿನ ಮ್ಯಾಲ ನಿಮ್ಮ ಅಪ್ಪಾಜಿ ಹೆಸರು ಎಷ್ಟು ದೊಡ್ಡದಾಗಿ ಬೇಕು ಅಷ್ಟು ದೊಡ್ಡದಾಗಿ ಬರೆಸ್ರಿ. ತಂಡದ ಹೆಸರು ಮಾತ್ರ ಮುಟ್ಟಬ್ಯಾಡ್ರಿ. ಕೀಲಿ ಕ್ಲಬ್ಬಿನ ಕೈಯಾಗ ಇರಲಿ, ನೋಡಲಿಕ್ಕ ಯಾರು ಬೇಕಾದ್ರೂ ಬರ್ಲಿ."

"ರೊಕ್ಕ ನಂದು, ಹೆಸರು ನಿಮ್ಮದು. ಇದು ಯಾವ ನ್ಯಾಯ, ಬಸ್ಸಮ್ಮಾ?" ಸಾವಕಾರರ ದನಿಯಲ್ಲಿ ಇನ್ನೂ ನಗುವಿತ್ತು, ಮುಖದಲ್ಲಿ ಇರಲಿಲ್ಲ. "ನನ್ನ ಹತ್ರ ಕೂಲಿ ಮಾಡಾಕಿ ನನಗೇ ಷರತ್ತು ಹಾಕ್ಲಿಕತ್ತೀದಿ."

"ಕೂಲಿ ನಿಮ್ಮ ಕಾರ್ಖಾನ್ಯಾಗ ಮಾಡ್ತೀನ್ರಿ. ಇದು ನಿಮ್ಮ ಕಾರ್ಖಾನಿ ಅಲ್ಲ."

ಮತೀನ ಕೈ ಎತ್ತಿಸಿದ. ಒಮ್ಮೆ ಎಣಿಸಿ ನಂಬದೆ ಮತ್ತೊಮ್ಮೆ ಎಣಿಸಿದ. ಸ್ವಲ್ಪವೇ ಅಂತರದಲ್ಲಿ ಬಸ್ಸಮ್ಮನ ಮಾತಿನ ಕಡೆಗೇ ಹೆಚ್ಚು ಕೈ ಎದ್ದಿದ್ದವು. ಹೆಸರು ಬಿಡುವುದಿಲ್ಲ, ಕೀಲಿ ಕ್ಲಬ್ಬಿನದು, ಇದಕ್ಕೆ ಒಪ್ಪಿ ಸಾವಕಾರರು ಮೈದಾನ ಕೊಟ್ಟರೆ ಸಂತೋಷ ಎಂದು ಫೈಸಲಾಯಿತು. ಸಾವಕಾರರು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, "ಹಂಗಾದ್ರ ನಿಮ್ಮ ಕಲ್ಲಾಗೇ ಆಡ್ರಿ," ಎಂದು ಹೊರಟುಹೋದರು.

ಅವರ ಕಾರು ತಿರುವು ದಾಟುವ ಮೊದಲೇ ಸಿಟ್ಟೆಲ್ಲ ಬಸ್ಸಮ್ಮನ ಕಡೆ ತಿರುಗಿತು. ಅವಳ ಪರವಾಗಿ ಕೈ ಎತ್ತಿದವರೂ ಅವಳ ಮುಖ ನೋಡಲಿಲ್ಲ. ಸಾವಕಾರರು ಇಳಿದು ಬರುತ್ತಾರೆ, ಎದ್ದು ಹೋಗುವುದಿಲ್ಲ ಎಂದು ಅವರೆಲ್ಲ ಎಣಿಸಿದ್ದರು. ಹೊರಗೆ ಮೆಟ್ಟಿಲ ಮೇಲೆ ಅಶೋಕಕುಮಾರ ಕಾದಿದ್ದ.

"ಅಕ್ಕಾ, ನಿನಗ ಅಪ್ಪನ ಗೇಟು ಕಾಣ್ತದ. ನನಗ ಈ ಹುಡುಗರ ಕಾಲು ಕಾಣ್ತಾವ," ಎಂದ. ಅಷ್ಟು ಹೇಳಿ ಕುಂಟುತ್ತ ಇಳಿದು ಹೋದವನು ಅಂದಿನಿಂದ ಅಕ್ಕನ ಜತೆ ಮಾತು ಬಿಟ್ಟ.

ಮರುದಿನ ಬೆಳಿಗ್ಗೆ ಬಸ್ಸಮ್ಮ ಎಂದಿನಂತೆ ಕೆಲಸಕ್ಕೆ ಹೋಗಿ, ಮಷೀನಿನಿಂದ ಬಂದ ಹಸಿ ಫರ್ಸಿ ಹಾಸುಗಲ್ಲುಗಳನ್ನು ಎತ್ತಿ ಗೋಡೆಗೆ ಆನಿಸುತ್ತಿದ್ದಳು. ಕಾರ್ಖಾನೆಯ ಮುನೀಮ ಬಂದು, ನಾಳೆಯಿಂದ ಬರುವುದು ಬೇಡ ಎಂದ.

"ನಾಳಿತನಕ ಯಾಕ, ಈಗೇ ಹೋಗ್ತೀನಿ," ಎಂದು ಅವಳು ಕೈಗೆ ಮೆತ್ತಿದ ಕಲ್ಲಿನ ರಾಡಿ ತೊಳೆದುಕೊಂಡಳು.

ಮುನೀಮ ಸುಮ್ಮನಿರಲಿಲ್ಲ. "ಇಷ್ಟು ವರ್ಷ ಸಾವಕಾರ್ರ ಅನ್ನ ತಿಂದು ಮಂದಿ ಮುಂದ ಅವರ ಮರ್ಯಾದಿ ಕಳದಿ."

"ಅನ್ನ ನಾ ದುಡದು ತಿಂದೀನಿ. ಮರ್ಯಾದಿ ಅವರು ತಾವೇ ತಂದು ಸಭಾದಾಗ ಇಟ್ರು." ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಜಾಡಿಸಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟು ದಾಟಿದಳು. ನೇರ ಸ್ಟೇಷನ್ನಿಗೆ ನಡೆದಳು. ಗಂಡ ರೇವಣಸಿದ್ದ ಅದರ ಎದುರು ತನ್ನ ಆಟೊದಲ್ಲಿ ಸವಾರಿಗೆ ಕಾದು ಕುಳಿತಿದ್ದ. ಅವನಿಗೆ ಆಟದ ಹುಚ್ಚಿಲ್ಲ, ಹೆಂಡತಿಯ ಹುಚ್ಚಿಗೆ ಅಡ್ಡ ಬಂದವನೂ ಅಲ್ಲ. ಎಲ್ಲ ಕೇಳಿ, "ಉಂಡಿಯೇನು?" ಎಂದ. ಇಲ್ಲ ಎಂದಳು. "ಮೊದಲ ಉಣ್ಣು. ಪಾಲಿಶ್ ಮಷೀನು ಊರಾಗ ಒಂದೇ ಇಲ್ಲ."

ಎರಡು ದಿನ ಬಿಟ್ಟು ಸಂಜೆ ಸೈದಾನಬಿ ಮನೆಗೆ ಬಂದಳು. ಕಾರ್ಖಾನೆಯಲ್ಲಿ ಬಸ್ಸಮ್ಮನ ಪಕ್ಕದಲ್ಲೇ ಕಲ್ಲು ಎತ್ತುತ್ತಿದ್ದ ವಿಧವೆ. ವಾಡಿ ರಸ್ತೆಯಲ್ಲಿ ಅವಳ ಗಂಡನ ಹೆಸರಿನಲ್ಲಿದ್ದ ಸಣ್ಣದೊಂದು ಫರ್ಸಿ ಖಣಿ ಈಗ ಅವಳ ಪಾಲಿಗೆ ಬಂದಿತ್ತು. ಕಲ್ಲು ತೀರಿ, ಖಣಿ ಪಾಳು ಬಿದ್ದು ಬಹಳ ಕಾಲವಾಗಿತ್ತು.

"ಮೈದಾನ ಮೈದಾನ ಅಂತ ಎಲ್ಲಾರು ಹೊಡ್ಕೊಳ್ಳಾಕತ್ತೀರಲ್ಲ, ನನ್ನ ಖಣಿ ಒಮ್ಮಿ ನೋಡು. ತಳ ಸಪಾಟ ಅದ. ಬರೇ ಜಾಲಿ ಬೆಳದದ," ಎಂದಳು.

ಹೋಗಿ ನೋಡಿದರು. ಪದರು ಪದರಾಗಿ ಕಲ್ಲು ತೆಗೆದ ಗೋಡೆ ಸುತ್ತಲೂ ಮೆಟ್ಟಿಲಿನಂತೆ ಇಳಿದಿತ್ತು. ಕೆಳಗೆ ತಳ ನಿಜಕ್ಕೂ ಪಡಸಾಲೆಯಂತೆ ಸಮನಾಗಿತ್ತು. ಒಂದು ಮೂಲೆಯಲ್ಲಿ ಹಸಿರುಗಟ್ಟಿದ ನೀರು. ಬಸ್ಸಮ್ಮ ಆ ತುದಿಯಿಂದ ಈ ತುದಿಗೆ ನಡೆದು ಬಂದು, "ಇದರ ಮ್ಯಾಲ ಮಣ್ಣು ಹಾಕಿದ್ರ ಆತು," ಎಂದಳು.

"ನನ್ನ ಗಂಡನ ಹೆಸರು ಇಡ್ತಿಯೇನು ತಂಡಕ್ಕ?" ಸೈದಾನಬಿ ಕೇಳಿದಳು.

"ಇಲ್ಲ."

"ಚಲೋ ಆತು. ಆ ಮನುಷ್ಯಾನ ಹೆಸರು ಕೂಗಿ ಕೂಗಿ ನನಗೂ ಸಾಕಾಗಿತ್ತು."

ನಕ್ಕದ್ದು ಮುಗಿದ ಮೇಲೆ ಬಸ್ಸಮ್ಮ, ತಂಡ ಆಡುವತನಕ ಜಾಗ ಕ್ಲಬ್ಬಿನದು ಎಂದು ಬರೆದುಕೊಡಬೇಕು ಎಂದಳು. ಗೆಳತಿಯ ಹತ್ತಿರ ಕೇಳಲು ನಾಚಿಕೆಯಾಯಿತು, ಆದರೂ ಕೇಳಿದಳು. ಸೈದಾನಬಿ ಮತೀನನನ್ನು ಕರೆದುಕೊಂಡು ಹೋಗಿ, ವಕೀಲರ ಎದುರಿಗೆ ಹೆಬ್ಬೆಟ್ಟು ಒತ್ತಿ ಬಂದಳು.

ಬೇಸಿಗೆಯಲ್ಲಿ ಹತ್ತಿರದ ಕೆರೆಯೊಂದರ ಹೂಳು ತೆಗೆಯುತ್ತಿದ್ದರು, ರೈತರು ಹೊಲಕ್ಕೆ ಒಯ್ಯುತ್ತಿದ್ದರು. ಕ್ಲಬ್ಬಿಗೂ ಮಣ್ಣು ಸಿಕ್ಕಿತು. ತರುವವರು ಯಾರು ಎಂಬ ಪ್ರಶ್ನೆಗೆ ಮೊದಲು ಟ್ರ್ಯಾಕ್ಟರ್ ತಂದವನು ನಾಮದೇವನೇ. "ತಲಿ ಕೆಟ್ಟದ ನಿಮಗೆಲ್ಲ, ನಾ ಆಗಲೇ ಹೇಳೀನಿ," ಎಂದು ಬೈಯುತ್ತಲೇ ಮಣ್ಣು ಸುರಿದ, ಬೈಯುತ್ತಲೇ ಮತ್ತೆ ತರಲು ಹೋದ. ಜಾಲಿ ಕಡಿಯಲು ಸೇಡಂ, ಚಿತ್ತಾಪುರದವರು ಭಾನುವಾರ ರೈಲು ಹತ್ತಿ ಬಂದರು. ಅಶೋಕಕುಮಾರ ಮಾತ್ರ ಬರಲಿಲ್ಲ. ಹಳೆಯ ಕಲ್ಲಿನ ಬಯಲಲ್ಲೇ ಹುಡುಗರಿಗೆ ಓಟ ಕಲಿಸುತ್ತಿದ್ದ.

ಖಣಿಯ ಅರ್ಧಕ್ಕೆ ಮಣ್ಣು ಬಿದ್ದಿತ್ತು, ಅಷ್ಟರಲ್ಲಿ ಮಳೆ ಹಿಡಿಯಿತು. ಒಂದೇ ದೊಡ್ಡ ಮಳೆಗೆ ಹಾಕಿದ ಮಣ್ಣೆಲ್ಲ ರಾಡಿಯಾಗಿ ತಗ್ಗಿಗೆ ಜಾರಿ, ಕಲ್ಲು ಮತ್ತೆ ಹಲ್ಲು ಕಿರಿಯಿತು. ಸುದ್ದಿ ಕೇಳಿ ಕೆಲವರು, ಸಾವಕಾರರ ಕಾಲು ಹಿಡಿಯೋಣ ಎಂದರು. ಬಸ್ಸಮ್ಮ, "ಹಿಡೀಬೇಕಂದ್ರ ನೀವು ಹೋಗಿ ಹಿಡೀರಿ. ನನಗ ಸಲಕಿ ಹಿಡಿಯೋದದ," ಎಂದು ಗಂಡನನ್ನು ಕರೆದುಕೊಂಡು ಖಣಿಗಿಳಿದಳು. ಮೊಣಕಾಲುದ್ದ ನೀರಿನಲ್ಲಿ ಇಬ್ಬರೇ ರಾಡಿ ಎಳೆಯುತ್ತಿದ್ದಾಗ ಮೇಲೆ ದಂಡೆಯಲ್ಲಿ ಅಶೋಕಕುಮಾರ ನಿಂತಿದ್ದು ಕಂಡಿತು. ಸ್ವಲ್ಪ ಹೊತ್ತು ನೋಡಿ, ಒಂದೊಂದೇ ಪದರಿನ ಮೇಲೆ ಕಾಲಿಟ್ಟು ಕೆಳಗೆ ಬಂದ. ಹಿಮ್ಮಡಿಯಿಂದ ನೆಲ ಕೆದರಿದ.

"ಕೆಳಗ ಮೊದಲ ಗರಸಿನ ಮುರುಮು ಹಾಕಬೇಕಿತ್ತು. ಕಲ್ಲಿನ ಮ್ಯಾಲ ಬರೇ ಮಣ್ಣು ಹ್ಯಾಂಗ ನಿಂದರ್ತದ? ನೀರು ಹೋಗಲಿಕ್ಕ ಆ ಕಡಿ ಕಾಲುವಿ ಬೇಕು."

"ಮುಂಚೇನೇ ಬಂದು ಹೇಳಬೇಕಿತ್ತು."

"ನೀ ಕರೀಲಿಲ್ಲ."

"ಮೈದಾನಕ್ಕ ಬರಲಿಕ್ಕ ಯಾರಿಗೂ ಕರೀಬೇಕಾಗಿಲ್ಲ, ಅಶೋಕಾ."

ಅವನು ಭಾವನ ಕೈಯಿಂದ ಸಲಿಕೆ ತೆಗೆದುಕೊಂಡ. ಬಸ್ಸಮ್ಮ ಬೇಡ ಎನ್ನಲಿಲ್ಲ. ಅವನ ಕುಂಟುಗಾಲು ನೀರಲ್ಲಿ ಜಾರಿದಾಗಲೆಲ್ಲ ಅವಳು ತಿರುಗಿ ನೋಡುತ್ತಿದ್ದಳು, ಆದರೂ ಕೈ ಹಿಡಿಯಲು ಹೋಗಲಿಲ್ಲ.

ಕಾಲುವೆ ಕಡಿದರು, ಮುರುಮು ಹಾಸಿದರು, ಮತ್ತೆ ಮಣ್ಣು ಹಾಕಿದರು. ಆ ವರ್ಷಕ್ಕೆ ಆದದ್ದು ಅರ್ಧ ಮೈದಾನ, ಒಂದೇ ಕಡೆ ಗೋಲ್‌ಕಂಬ. ಹುಡುಗರು ಅದರಲ್ಲೇ ಕಲಿತರು. ಕಲಿಯುವಾಗ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಯಾರು ಬೇಕಾದರೂ ನೋಡುತ್ತಿದ್ದರು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆ ಸೇರುವವರು ಕಡಿಮೆಯಾದರು. ಬಸ್ಸಮ್ಮನಿಗೆ ಚಿತ್ತಾಪುರ ರಸ್ತೆಯ ಬೇರೊಂದು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದೂರ ಹೆಚ್ಚು, ಕೂಲಿ ಕಡಿಮೆ. ಆದರೆ ಭಾನುವಾರ ಬಿಡುವು.

ಸಾವಕಾರರು ಮಾತಿಗೆ ತಪ್ಪುವವರಲ್ಲ. ತಂದೆಯ ಹೆಸರಿನ ಹೊಸ ತಂಡವನ್ನೇ ಕಟ್ಟಿ, ಹುಲ್ಲಿನ ಮೈದಾನ ಮಾಡಿಯೇ ಮಾಡಿದರು. ಕಾಗಿಣಾದ ಒಳ್ಳೆಯ ಆಟಗಾರರಿಬ್ಬರು ಅಲ್ಲಿಗೆ ಹೋದರು. ಬಸ್ಸಮ್ಮ ಅವರನ್ನು ಬೈಯಲಿಲ್ಲ, ಮೂರು ದಿನ ಊಟ ಮಾತ್ರ ಸರಿಯಾಗಿ ಸೇರಲಿಲ್ಲ.

ಎರಡೂ ತಂಡ ಎದುರಾದದ್ದು ಸೇಡಂ ಟೂರ್ನಮೆಂಟಿನಲ್ಲಿ. ಕಾಗಿಣಾ ಎರಡು ಗೋಲು ಹೊಡೆಯಿತು, ಮೂರು ಬಿಟ್ಟುಕೊಟ್ಟಿತು. ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ಅಭಿಮಾನಿಯೊಬ್ಬ ಅವಳ ಪಕ್ಕಕ್ಕೆ ಬಂದು, "ಏನ್ ಅವ್ವಾ, ಹುಲ್ಲಿನ ಮುಂದ ನಿಮ್ಮ ಖಣಿ ನಡೀಲಿಲ್ಲಲ್ಲ," ಎಂದ.

ಕೂಗಿ ಕೂಗಿ ಬಸ್ಸಮ್ಮನ ಗಂಟಲು ಒಡೆದಿತ್ತು. ಬುತ್ತಿಯ ಗಂಟು ಎತ್ತಿಕೊಳ್ಳುತ್ತ ಅಂದಳು, "ನಾವು ಇನ್ನ ಅರ್ಧ ಮೈದಾನದಾಗ ಕಲ್ತೀವಿ, ತಮ್ಮಾ. ಉಳದ ಅರ್ಧ ಆದಮ್ಯಾಲ ಬಂದು ಮಾತಾಡು."

ಮುಂದಿನ ಭಾನುವಾರ ನಾಮದೇವನ ಟ್ರ್ಯಾಕ್ಟರ್ ಮುರುಮು ಹೊತ್ತು ಖಣಿಯ ಆ ಇನ್ನೊಂದು ತುದಿಗೆ ಇಳಿಯಿತು.