ಕೂಗಿದವನೇ ಹಾರಿದ್ದು

ಐಸ್ ಹಾಕಿಯಲ್ಲಿ ಒಂದೇ ಸಮನೆ ಒಂದು ನಿಮಿಷಕ್ಕಿಂತ ಹೆಚ್ಚು ಆಡಿದರೆ ಏದುಸಿರು ಬರುತ್ತದೆ. ಅದಕ್ಕೇ ಕೋಚ್ 'ಚೇಂಜ್' ಎಂದ ಕೂಡಲೇ ಆಡುತ್ತಿದ್ದವರ ಬದಲಿಗೆ ಬೆಂಚಿನಲ್ಲಿದ್ದವರು ಎದುರಿನ ಹಲಗೆಗೋಡೆ ಹಾರಿ ಅಂಕಣಕ್ಕಿಳಿಯಬೇಕು. ಯುರೋಪಿನ ಕ್ಲಬ್ಬುಗಳಲ್ಲಿ ಹನ್ನೆರಡು ವರ್ಷ ನಾನೂ ಹಾಗೆ ಹಾರಿದೆ. ಮೊಣಕಾಲು ಕೆಟ್ಟ ಮೇಲೆ, ಹುಟ್ಟಿ ಬೆಳೆದ ಬಹರೈನಿಗೆ ಮರಳಿ ಕೋಚ್ ಆದೆ. ಕೋಚ್ ಆದವನು ಬೆಂಚಿನ ಹಿಂದೆ ನಿಂತಲ್ಲೇ ನಿಲ್ಲಬೇಕು; ಅದು ನನ್ನಿಂದಾಗದ ಕೆಲಸ.

ಮೊದಲ ಪಂದ್ಯದಲ್ಲೇ ನಮ್ಮವರು ಸೋಲುತ್ತಿದ್ದರು. 'ಚೇಂಜ್' ಎಂದು ಕೂಗಿದೆ. ಕೂಗಿದವನೇ ಗೋಡೆಯನ್ನೂ ಹಾರಿದೆ. ಕಾಲಲ್ಲಿದ್ದದ್ದು ಸ್ಕೇಟ್ಸ್ ಅಲ್ಲ, ಚರ್ಮದ ಬೂಟು. ಮೊಣಕಾಲು ಉಳುಕಿ ಐಸ್ ಮೇಲೆ ಅಂಗಾತ ಬಿದ್ದೆ.

ಅಲ್ಲಿನ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಮ್ಮ ಮನೆಯಲ್ಲಿ ಮೊಣಕಾಲಿಗೆ ಐಸ್ ಒತ್ತುತ್ತಾ, "ಒಂದು ನಿಮಿಷ ಸುಮ್ನೆ ಕೂತ್ಕೋ ಮಾರಾಯ, ಎಂತ ಅವಸರ ನಿಂಗೆ?" ಎಂದರು.

ಗಡಿಯಾರ ನೋಡುತ್ತಾ ಕೂತೆ. ನಲವತ್ತನೇ ಸೆಕೆಂಡಿಗೆ ಎದ್ದು ನಿಂತಿದ್ದೆ.